ಕೊಳೆರೋಗದ ಆಟ: ನಿಯಮವೇ ಪಾಠ

ವಿಜ್ಞಾನವನ್ನು ಆಟದ ಮೂಲಕ ಕಲಿಸಲೆಂದು ವಿದ್ಯಾರ್ಥಿಗಳು ರೂಪಿಸುವ ಯೋಜನೆಗಳು ಎಷ್ಟೋ ಸಲ ರಸಪ್ರಶ್ನೆಯ ಹಂತದಲ್ಲೇ ನಿಂತುಬಿಡುತ್ತವೆ. ಹಾವು-ಏಣಿಯ ಮನೆಗಳಲ್ಲಿ ಪ್ರಶ್ನೆ ಬರೆದು, ಸರಿಯುತ್ತರಕ್ಕೆ ಏಣಿ, ತಪ್ಪಿಗೆ ಹಾವು ಎಂದು ಗೊತ್ತುಮಾಡಿದರೆ ಪರೀಕ್ಷೆಗೊಳಗಾಗುವುದು ನೆನಪಿನ ಶಕ್ತಿಯೇ ಹೊರತು ವಿಜ್ಞಾನದ ತಿಳಿವಳಿಕೆಯಲ್ಲ. ಪ್ರಕೃತಿಯ ನಿಯಮವೇ ಆಟದ ನಿಯಮವಾಗಿ, ಅದನ್ನು ಅರಿಯದವರು ಗೆಲ್ಲಲಾರದಂತಿದ್ದರೆ ಮಾತ್ರ ಅದು ವಿಜ್ಞಾನದ ಆಟವೆನಿಸುತ್ತದೆ. ಅಂಥ ಆಟಕ್ಕೆ ತಕ್ಕ ವಸ್ತುವೊಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಕ್ಕಳಿಗೆ ಮನೆಯ ಅಂಗಳ ದಾಟಿದೊಡನೆ ಕಾಣುವ ಅಡಿಕೆ ತೋಟದಲ್ಲೇ ಇದೆ; ಅದು ಕೊಳೆರೋಗ.

ಕೊಳೆರೋಗವನ್ನು ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನೋಟಕ್ಕೆ ಶಿಲೀಂಧ್ರದಂತಿದ್ದರೂ ವಂಶಾವಳಿಯಲ್ಲಿ ಇದು ಕಂದುಪಾಚಿಗಳಿಗೆ ಹತ್ತಿರವಾದದ್ದು. ಇದರ ಚಲಬೀಜಕಗಳು, ಅಂದರೆ ಚಾವಟಿಯಂಥ ಎರಡು ಬಾಲಗಳ ನೆರವಿನಿಂದ ಈಜಬಲ್ಲ ಬೀಜಾಣುಗಳು, ಎಳೆಯಡಿಕೆಯ ಮೇಲೆ ನಿಂತ ನೀರಿನ ತೆಳುಪೊರೆಯಲ್ಲೇ ಚಲಿಸಿ ಒಳಹೊಗುತ್ತವೆ. ಆದಕಾರಣ ಮುಂಗಾರಿನ ಎಡೆಬಿಡದ ಮಳೆ, ತಂಪು ಮತ್ತು ತೇವ ಕೂಡಿದಾಗ ರೋಗ ಹಬ್ಬುತ್ತದೆ. ಮಳೆಹನಿಯ ಸಿಡಿತವೂ ಗಾಳಿಯೂ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಮೈಸೂರು ಸಂಸ್ಥಾನದಲ್ಲಿ ಸೇವೆಯಲ್ಲಿದ್ದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕ್ರಮಬದ್ಧವಾಗಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಇಂದಿಗೂ ರೈತರು ನೆಚ್ಚಿರುವ ಶೇ. 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ. ಅದರ ತಾಮ್ರದ ಲೇಪ ಬೀಜಾಣು ಒಳಹೊಗುವುದನ್ನು ತಡೆಯುತ್ತದೆ.

ಇದನ್ನು ಆಟವಾಗಿಸಲು ರಟ್ಟಿನ ಮೇಲೆ ಹತ್ತು ಸಾಲು, ಹತ್ತು ಕಂಬಸಾಲುಗಳ 100 ಮನೆ ಬರೆದು, ಮರದ ಗುರುತಾಗಿ ಮನೆಗೊಂದು ಅಡಿಕೆಯಿಟ್ಟು, ಒಂದು ಮರಕ್ಕೆ ಮಾತ್ರ ರೋಗ ತಗಲಿದೆಯೆಂದು ಗುರುತಿಸಿದರೆ ಸಾಕು. ಸುತ್ತಿಗೊಂದು ಚೀಟಿ ಎತ್ತಿ, ಮಳೆಯ ಚೀಟಿ ಬಂದ ಸುತ್ತಿನಲ್ಲಿ ರೋಗದ ಮರದ ನಾಲ್ಕೂ ದಿಕ್ಕಿನ ನೆರೆಮರಗಳಿಗೆ ಒಂದೊಂದು ಸಲ ದಾಳ ಹಾಕಬೇಕು. ಬೋರ್ಡೋ ಮದ್ದು ಬಿಡದ (ಸಿಂಪಡಿಸದ) ಮರಕ್ಕೆ 3, 4, 5, 6 ಬಿದ್ದರೆ ರೋಗ, ಮದ್ದು ಬಿಟ್ಟ ಮರಕ್ಕೆ 6 ಬಿದ್ದರೆ ಮಾತ್ರ ರೋಗ. ರೋಗ ಹರಡುವ ಸರದಿ ಮುಗಿದ ಮರದ ಗೊನೆ ಆ ಸುತ್ತಿನ ಕೊನೆಗೆ ಉದುರಿಹೋಗುತ್ತದೆ. ಮಳೆ ಹೊಳವಾದ ಚೀಟಿ ಬಂದಾಗಷ್ಟೇ ನಾಣ್ಯ ತೆತ್ತು ಮದ್ದು ಬಿಡಬಹುದು. ತೋಟದಲ್ಲಿ ಸುಮಾರು 40–45 ದಿನಗಳಿಗೊಮ್ಮೆ ಮದ್ದು ಮರುಕಳಿಸಬೇಕಾದಂತೆ, ಆಟದಲ್ಲೂ ಕೆಲವು ಸುತ್ತುಗಳ ಬಳಿಕ ಅದರ ರಕ್ಷಣೆ ಮುಗಿಯುತ್ತದೆ.

ಈ ಸರಳ ನಿಯಮದೊಳಗೆ ಸಾಂಕ್ರಾಮಿಕ ರೋಗಶಾಸ್ತ್ರದ ಮುಖ್ಯ ಪರಿಕಲ್ಪನೆಯೊಂದಿದೆ. ಮದ್ದಿಲ್ಲದ ತೋಟದಲ್ಲಿ ಮೊದಲ ಮರವು ಸರಾಸರಿ ನಾಲ್ಕು ನೆರೆಮರಗಳ ಆರರಲ್ಲಿ ನಾಲ್ಕು ಪಾಲು, ಅಂದರೆ ಸುಮಾರು 2.7 ಮರಗಳಿಗೆ ರೋಗ ಹರಡುತ್ತದೆ. ಮುಂದಿನ ಸುತ್ತುಗಳಲ್ಲಿ ನೆರೆಮರಗಳು ಆಗಲೇ ಬಲಿಯಾಗಿರುವುದರಿಂದ ಈ ಸಂಖ್ಯೆ ತಗ್ಗಿದರೂ ರೋಗ ತೋಟವನ್ನು ಆವರಿಸುವ ಸಂಭವವೇ ಹೆಚ್ಚು. ಮದ್ದು ಬಿಟ್ಟ ತೋಟದಲ್ಲಿ ಅದೇ ಸಂಖ್ಯೆ 0.7ರಷ್ಟಾಗುತ್ತದೆ, ಒಂದು ಮರ ಸರಾಸರಿ ಒಂದಕ್ಕೂ ಹರಡಲಾರದಾದಾಗ ರೋಗ ತಾನಾಗಿ ಆರಿಹೋಗುತ್ತದೆ. ಒಬ್ಬ ರೋಗಿಯಿಂದ ಸೋಂಕು ಎಷ್ಟು ಮಂದಿಗೆ ಹರಡುವುದೆಂದು ಕೋವಿಡ್ ಕಾಲದಲ್ಲಿ ಲೆಕ್ಕಹಾಕಿದ್ದೂ ಇದೇ ತರ್ಕದಿಂದ. ಮಣೆಯನ್ನು ಇಬ್ಬರು ಆಟಗಾರರಿಗೆ ಅರ್ಧರ್ಧ ಹಂಚಿಕೊಟ್ಟರೆ ಇನ್ನೂ ಒಂದು ಸತ್ಯ ಹೊರಬೀಳುತ್ತದೆ: ಪಕ್ಕದ ತೋಟದವನು ಮದ್ದು ಬಿಡದಿದ್ದರೆ ತನ್ನ ಗಡಿಸಾಲಿಗೆ ಮಳೆ ಬಂದಾಗಲೆಲ್ಲ ಅಪಾಯ ತಪ್ಪದೆಂಬುದನ್ನು ಯಾರೂ ಹೇಳಿಕೊಡದೆ ಆಟಗಾರನೇ ಕಂಡುಕೊಳ್ಳುತ್ತಾನೆ. ಯೋಜನೆಯ ಅತ್ಯಂತ ಬೆಲೆಬಾಳುವ ಭಾಗ ಇದೇ.

ದಾಳದ ಅಂಕಿಗಳು ಕಲಿಕೆಗಾಗಿ ಆರಿಸಿಕೊಂಡವೇ ಹೊರತು ತೋಟದಲ್ಲಿ ಅಳೆದವಲ್ಲ ಎಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಲೇಬೇಕು. ಅಂಕಿ ಬದಲಿಸಿ, ಮತ್ತೆ ಆಡಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಟ್ಟು ಹೋಲಿಸುವಾಗ ವಿಜ್ಞಾನಿಗಳು ಮಾದರಿಯನ್ನು ಬಳಸುವ ರೀತಿ ತಿಳಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಫೋಲ್ಡ್‌ಇಟ್ ಆಟದಲ್ಲಿಯೂ ಪ್ರೋಟೀನು ಮಡಚಿಕೊಳ್ಳುವ ಭೌತನಿಯಮಗಳೇ ಅಂಕ ನೀಡುತ್ತವೆ. ಕೋತಿಗಳಲ್ಲಿ ಏಡ್ಸ್‌ನಂಥ ರೋಗಕ್ಕೆ ಸಂಬಂಧಿಸಿದ ವೈರಾಣುವಿನ ಕಿಣ್ವವೊಂದರ ರಚನೆಯನ್ನು ಬಿಡಿಸಲು ಅದರ ಆಟಗಾರರು ನೆರವಾದದ್ದು 2011ರಲ್ಲಿ ವರದಿಯಾಯಿತು.

ಮಕ್ಕಳ ಕಲಿಕೆಗೆ ಹೊಸ ದಾರಿ ಹುಡುಕುವುದು ಪುತ್ತೂರಿಗೆ ಹೊಸತಲ್ಲ. ಇಲ್ಲಿ ಬಾಲವನವನ್ನು ಕಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ಓದುಗರೆಲ್ಲರಿಗಾಗಿ 'ವಿಜ್ಞಾನ ಪ್ರಪಂಚ'ವನ್ನೂ ಕನ್ನಡದಲ್ಲಿ ಬರೆದರು. ನೀತಿ ಆಯೋಗ 2016ರಿಂದ ನೆರವು ನೀಡುತ್ತಿರುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳು ಇದೇ ನಿಯಮಗಳನ್ನು ಗಣಕಕ್ಕೆ ಅಳವಡಿಸಬಹುದು. ಇಲ್ಲದ ಶಾಲೆಗಳಿಗೆ ರಟ್ಟು, ದಾಳ ಮತ್ತು ತೋಟದಲ್ಲಿ ಹೆಕ್ಕಿದ ಅಡಿಕೆ ಸಾಕು. ಮೂರೂ ತಾಲೂಕುಗಳ ಪ್ರೌಢಶಾಲೆಗಳ ವಿಜ್ಞಾನ ಸಂಘಗಳು ಮುಂದಿನ ಮುಂಗಾರಿಗೆ, ತೋಟದಲ್ಲಿ ಮೊದಲ ಮದ್ದು ಬಿಡುವ ಹೊತ್ತಿಗೇ, ಈ ಮಣೆಯನ್ನು ತರಗತಿಯಲ್ಲಿ ಹಾಸಬೇಕು. ಹಾಗೆಯೇ ತೋಟದ ಅನುಭವವಿರುವ ಹಿರಿಯರೊಬ್ಬರನ್ನು ಆಟದ ನಿಯಮ ತಿದ್ದಲು ಕರೆಯಬೇಕು.