ಅಪರಾಧಕ್ಕೆ ಹೊಣೆ ಯಾರು? ಆಟೊಮನ್ ನ್ಯಾಯವ್ಯವಸ್ಥೆಯ ಒಂದು ಪರಿವರ್ತನೆ

ನಾವು ದಿನನಿತ್ಯ ಬಳಸುವ ‘ಕಾನೂನು’ ಎಂಬ ಪದ ಗ್ರೀಕ್ ಮೂಲದ್ದು. ಅರಬ್ಬಿಯನ್ನು ಹೊಕ್ಕು, ಪಾರಸಿ ಆಡಳಿತಭಾಷೆಯ ಮೂಲಕ ಕನ್ನಡಕ್ಕೆ ಬಂದಿದೆ. ಆಟೊಮನ್ ತುರ್ಕರಲ್ಲಿ ಇದೇ ಪದಕ್ಕೆ ಖಚಿತವಾದ ಅರ್ಥವಿತ್ತು. ಧರ್ಮಮೂಲವಾದ ಷರೀಯತ್ತಿನ ಜೊತೆಗೆ ಸುಲ್ತಾನನು ಸ್ವಂತ ಅಧಿಕಾರದಿಂದ ವಿಧಿಸಿದ ಕಟ್ಟಳೆಗಳೇ ಅಲ್ಲಿ ‘ಕಾನೂನ್’. ಎರಡನೆಯ ಮೆಹಮದನ (1451-81) ಕಾಲದಲ್ಲಿ ಸಂಹಿತೆಯ ರೂಪ ತಳೆದ ಈ ಕಟ್ಟಳೆಗಳನ್ನು ವಿಸ್ತರಿಸಿದ ಸುಲೇಮಾನನನ್ನು (1520-66) ತುರ್ಕರು ಇಂದಿಗೂ ‘ಕಾನೂನೀ’ ಎಂದೇ ಕರೆಯುತ್ತಾರೆ.

ನಿಯಮಬದ್ಧವಲ್ಲದ, ಆಯಾ ಸಂದರ್ಭಕ್ಕೆ ತೋಚಿದಂತೆ ನೀಡುವ ತೀರ್ಪಿಗೆ ಮ್ಯಾಕ್ಸ್ ವೇಬರ್ ‘ಖಾಜಿ ನ್ಯಾಯ’ ಎಂಬ ಹೆಸರನ್ನು ಬಳಸಿದನು. ಆದರೆ ಆಟೊಮನ್ ಖಾಜಿಗಳ ದಫ್ತರಗಳು ಕೊಡುವ ಚಿತ್ರ ಬೇರೆ. ವಿಚಾರಣೆ ನಡೆಸಿ ದಾಖಲಿಸುವವನು ಖಾಜಿ. ಹಿಡಿದು ತರುವವನೂ ಶಿಕ್ಷೆಯನ್ನು ಜಾರಿಗೊಳಿಸುವವನೂ ಸುಬಾಶಿ ಎಂಬ ಅಧಿಕಾರಿ. ಖಾಜಿಯ ತೀರ್ಪಿಲ್ಲದೆ ದಂಡವನ್ನು ವಸೂಲು ಮಾಡಕೂಡದೆಂಬುದು ಕಟ್ಟಳೆ. ಹಲವು ಅಪರಾಧಗಳಿಗೆ ಶ್ರೀಮಂತ, ಮಧ್ಯಮ, ಬಡವ ಎಂಬ ಸ್ಥಿತಿಭೇದದಂತೆ ದಂಡದ ಮೊತ್ತವೂ ಏರಿಳಿಯುತ್ತಿತ್ತು. ದಂಡದಲ್ಲಿ ಅಧಿಕಾರಿಗೂ ಪಾಲಿದ್ದುದರಿಂದ ದುರಾಶೆಗೆ ಎಡೆಯಿತ್ತೆಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆಯ ನಿಜವಾದ ಆಧಾರ ‘ಮಹಲ್ಲೆ’, ಅಂದರೆ ಕೇರಿ. ಮೈಸೂರಿನ ಮೊಹಲ್ಲಾಗಳನ್ನು ಬಲ್ಲವರಿಗೆ ಈ ಪದ ಅಪರಿಚಿತವಲ್ಲ. ಕೇರಿಯ ನಿವಾಸಿಗಳು ಪರಸ್ಪರ ಜಾಮೀನುದಾರರಾಗಿದ್ದರು. ಕೊಂದವನು ಯಾರೆಂದು ತಿಳಿಯದ ಹೆಣ ಕೇರಿಯಲ್ಲಿ ಸಿಕ್ಕರೆ, ನಿವಾಸಿಗಳೇ ಪ್ರಮಾಣ ಮಾಡಿ ರಕ್ತಪರಿಹಾರವನ್ನು ತೆರಬೇಕಾಗಬಹುದಿತ್ತು. ಒಬ್ಬನ ನಡತೆ ಸರಿಯಿಲ್ಲವೆಂದು ನೆರೆಹೊರೆಯವರು ಖಾಜಿಯ ಮುಂದೆ ನುಡಿದರೆ ಅವನನ್ನು ಕೇರಿಯಿಂದಲೇ ಹೊರಹಾಕಬಹುದಿತ್ತು. ನೆರೆಯವರ ಮಾತು ಒಬ್ಬನಿಗೆ ರಕ್ಷೆಯಾದರೆ, ಒಂಟಿಯಾದ ಅಪರಿಚಿತನಿಗೆ ಅದೇ ಕುತ್ತಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಣೆಯನ್ನು ಪ್ರಭುತ್ವವು ಹಂತಹಂತವಾಗಿ ತನ್ನ ಮೇಲೆ ಹಾಕಿಕೊಂಡಿತು. ಇಸ್ತಾಂಬುಲ್ ನಗರದ ಕಾವಲಿನಲ್ಲಿ ಮುಖ್ಯ ಪಾತ್ರ ವಹಿಸಿದ್ದ ಜಾನಿಸರಿ ಸೈನ್ಯವನ್ನು ಎರಡನೆಯ ಮಹಮೂದನು 1826ರಲ್ಲಿ ರದ್ದುಗೊಳಿಸಿದನು. 1839ರ ಗುಲ್ಹಾನೆ ಶಾಸನ ಪ್ರಜೆಗಳ ಪ್ರಾಣ, ಮಾನ, ಸ್ವತ್ತುಗಳಿಗೆ ಅಭಯವಿತ್ತಿತು. ಮರುವರ್ಷದ ದಂಡಸಂಹಿತೆ, ಬೆಟ್ಟದ ಕುರುಬನನ್ನು ಕೊಂದವನು ವಜೀರನೇ ಆದರೂ ಶಿಕ್ಷೆ ತಪ್ಪದೆಂದು ಸಾರಿತು. 1845ರಲ್ಲಿ ರಾಜಧಾನಿಗೆ ಪೊಲೀಸ್ ನಿಯಮಾವಳಿ ಬಂದಿತು. 1858ರ ಸಂಹಿತೆ 1810ರ ಫ್ರೆಂಚ್ ದಂಡಸಂಹಿತೆಯನ್ನು ಬಹುಮಟ್ಟಿಗೆ ಅನುಸರಿಸಿತು. ತಪ್ಪೊಪ್ಪಿಸಲು ಚಿತ್ರಹಿಂಸೆ ನೀಡುವ ಅಧಿಕಾರಿಯನ್ನೇ ಅಪರಾಧಿಯಾಗಿಸಿತು. 1879ರ ಪ್ರಕ್ರಿಯಾಸಂಹಿತೆಯೊಡನೆ ಸರ್ಕಾರಿ ಅಭಿಯೋಜಕನ ಹುದ್ದೆ ನೆಲೆಗೊಂಡಿತು. ಅಲ್ಲಿಗೆ ದೂರು ಕೇವಲ ನೊಂದವನದಾಗಿ ಉಳಿಯಲಿಲ್ಲ, ಪ್ರಭುತ್ವದ್ದೂ ಆಯಿತು.

ಇದನ್ನು ಹಳೆಯದರ ಅಳಿವು, ಪಾಶ್ಚಾತ್ಯದ ಗೆಲುವು ಎಂದು ಸರಳಗೊಳಿಸುವುದು ತಪ್ಪಾಗುತ್ತದೆ. ಕೊಲೆಯಾದವನ ವಾರಸುದಾರರಿಗೆ ಷರೀಯತ್ತಿನಂತೆ ಇದ್ದ ಹಕ್ಕನ್ನು 1858ರ ಸಂಹಿತೆಯೂ ಕಾಯ್ದಿರಿಸಿತು. ಕೇರಿಯೂ ಮರೆಯಾಗಲಿಲ್ಲ, 1829ರಲ್ಲಿ ಇಸ್ತಾಂಬುಲಿನ ಕೇರಿಗಳಿಗೆ ನೇಮಕಗೊಂಡ ‘ಮುಖ್ತಾರ’ ಎಂಬ ಮುಖಂಡನ ಮೂಲಕ ಅದು ಪ್ರಭುತ್ವದ ಕಣ್ಣಾಯಿತು. ನೆರೆಯವರ ಬಾಯಿಮಾತಿನಿಂದ ಬಿಡುಗಡೆ ಪಡೆದ ವ್ಯಕ್ತಿ, ಪೊಲೀಸ್ ಮತ್ತು ಅಭಿಯೋಜಕರ ಎದುರು ನೇರವಾಗಿ ನಿಲ್ಲಬೇಕಾಯಿತು.

ದಖ್ಖನಿನ ದಾಖಲೆಗಳಲ್ಲಿಯೂ ಖಾಜಿ, ಕಾನೂನು, ಜಾಮೀನು ಎಂಬ ಪದಗಳು ನಮಗೆ ಎದುರಾಗುತ್ತವೆ. ಪದ ಒಂದೇ ಆದ ಮಾತ್ರಕ್ಕೆ ವ್ಯವಸ್ಥೆಯೂ ಒಂದೇ ಎಂದು ಭಾವಿಸಲಾಗದು. ಅಪರಾಧ ನಡೆದಾಗ ಅಲ್ಲಿ ಉತ್ತರ ಹೇಳಬೇಕಾದವರು ಯಾರು, ಊರೋ, ಕುಲವೋ, ಅಧಿಕಾರಿಯೋ, ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಆ ಪದಗಳು ತಮ್ಮ ಸ್ಥಳೀಯ ಅರ್ಥವನ್ನು ಬಿಟ್ಟುಕೊಡುತ್ತವೆ. ಆಟೊಮನ್ ನಿದರ್ಶನದಿಂದ ನಾವು ಪಡೆಯಬಹುದಾದದ್ದು ಈ ಪ್ರಶ್ನೆಯನ್ನು.