ಹಿತ್ತಿಲ ಮೇಲಿನ ಮೆಟ್ಟಿಲು

ಲಂಡನ್ನಿನಿಂದ ಉತ್ತರಕ್ಕೆ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಲೂಟನ್ ಸಿಗುತ್ತದೆ. ಅಲ್ಲಿನ ಬೆರಿ ಪಾರ್ಕ್ ಬಡಾವಣೆಯಲ್ಲಿ ಓಕ್ ರೋಡ್ ಎಂಬ ಸಣ್ಣ ಬೀದಿ. ಒಂದರ ಗೋಡೆಗೆ ಇನ್ನೊಂದು ಆತು ನಿಂತ ಇಟ್ಟಿಗೆಯ ಸಾಲುಮನೆಗಳು. ಪ್ರತಿ ಮನೆಗೂ ಕೆಳಗೊಂದು ಬಾಗಿಲು, ಮೇಲೊಂದು ಕಿಟಕಿ. ಎಣಿಸುತ್ತ ಹೋದರೆ ಒಂದು ಕಡೆ ಲೆಕ್ಕ ತಪ್ಪುತ್ತದೆ. ಮೇಲೆ ಕಿಟಕಿ, ಪರದೆ ಎಲ್ಲ ಇವೆ. ಕೆಳಗೆ ಮಾತ್ರ ನಡುಮನೆ ಇರಬೇಕಾದಲ್ಲಿ ಒಂದು ಸುರಂಗ. ಅದು ಫುಟ್‌ಬಾಲ್ ಕ್ರೀಡಾಂಗಣದ ಪ್ರವೇಶದ್ವಾರ. 2023ರ ಸೆಪ್ಟೆಂಬರ್‌ನಿಂದ ಒಂದು ಋತುವಿನ ಉದ್ದಕ್ಕೂ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ತಂಡಗಳ ಅಭಿಮಾನಿಗಳು ಈ ಮನೆಯ ಹೊಟ್ಟೆಯೊಳಗೆ ನುಸುಳಿಯೇ ಪಂದ್ಯ ನೋಡಲು ಹೋದರು.

ನಾನು ಇಷ್ಟು ದೂರ ಬಂದದ್ದು ಈ ಬಾಗಿಲಿಗಾಗಿ.

ಕಳೆದ ಅಕ್ಟೋಬರ್‌ನಲ್ಲಿ, ಪಂದ್ಯವಿಲ್ಲದ ಒಂದು ಮಧ್ಯಾಹ್ನ, ಮುಚ್ಚಿದ ಆ ದ್ವಾರದ ಮುಂದೆ ನಿಂತು ಒಳಗೆ ಇಣುಕುತ್ತಿದ್ದೆ. ಪಕ್ಕದ ಮನೆಯಿಂದ ಹೊರಗೆ ಬಂದ ಹಿರಿಯರೊಬ್ಬರು ನನ್ನ ಮುಖ ನೋಡಿ ನೇರವಾಗಿ ಉರ್ದುವಿನಲ್ಲೇ ಮಾತಾಡಿಸಿದರು. ಬೆರಿ ಪಾರ್ಕ್‌ನಲ್ಲಿ ಅದು ಸಹಜ. ಇಲ್ಲಿನ ಮನೆಗಳಲ್ಲಿ ಹೆಚ್ಚಿನವು ಪಾಕಿಸ್ತಾನ, ಕಾಶ್ಮೀರ, ಬಾಂಗ್ಲಾದೇಶಗಳಿಂದ ಬಂದು ನೆಲೆನಿಂತವರವು. ನನ್ನ ಬೆಂಗಳೂರಿನ ಹಿಂದಿ ಅವರಿಗೆ ಸಾಕಾಯಿತು. ಬೆಂಗಳೂರಿನಿಂದ ಒಂದು ಬಾಗಿಲು ನೋಡಲು ಬಂದೆಯಾ ಎಂದು ಅವರು ಎರಡು ಸಲ ಕೇಳಿದರು. ಹೌದು ಚಾಚಾ ಎಂದೆ. ಹಾಗಿದ್ದರೆ ಹಿಂದಿನಿಂದಲೂ ನೋಡು ಎಂದು ಮನೆಯೊಳಗೆ ಕರೆದರು.

ಅಡುಗೆಮನೆಯ ಕಿಟಕಿಯಿಂದ ಕಂಡದ್ದನ್ನು ನಾನು ಮರೆಯಲಾರೆ. ಪುಟ್ಟ ಹಿತ್ತಿಲು. ಒಂದು ಮೂಲೆಯಲ್ಲಿ ಪುದೀನ, ಒಂದು ಹಳೇ ಸೈಕಲ್ಲು, ಅಡ್ಡಕ್ಕೆ ಕಟ್ಟಿದ ತಂತಿಯ ಮೇಲೆ ಒದ್ದೆ ಬಟ್ಟೆ. ಅದರಾಚೆ, ಬೇಲಿಯ ಮೇಲಿಂದ ಹಾದುಹೋಗುವ ಕಬ್ಬಿಣದ ಮೆಟ್ಟಿಲು. ಸುರಂಗದಲ್ಲಿ ಒಳಬಂದವರು ಆ ಮೆಟ್ಟಿಲು ಹತ್ತಿ, ಎರಡೂ ಬದಿಯ ಹಿತ್ತಿಲುಗಳನ್ನು ಮೇಲಿನಿಂದ ನೋಡುತ್ತ ಓಕ್ ಸ್ಟ್ಯಾಂಡ್ ಸೇರುತ್ತಾರೆ. ಅದರ ಹಿಂದೆ ಸ್ಟ್ಯಾಂಡಿನ ಬೆನ್ನು ಆಕಾಶವನ್ನೇ ಮುಚ್ಚಿಕೊಂಡು ನಿಂತಿದೆ. ಪಂದ್ಯದ ಸಂಜೆ ಈ ಅಡುಗೆಮನೆಯಲ್ಲಿ ದೀಪ ಹಾಕಬೇಕಿಲ್ಲವಂತೆ. ಮೈದಾನದ ದೀಪದ ಬೆಳಕೇ ಸಾಕು. ಗೋಲು ಬಿತ್ತೋ ಇಲ್ಲವೋ ಎಂದು ತಿಳಿಯಲು ಟಿವಿಯೂ ಬೇಕಿಲ್ಲ. ಗದ್ದಲ ಮೊದಲು ಗೋಡೆಗೆ ಬಂದು ಬಡಿಯುತ್ತದೆ, ಟಿವಿಯಲ್ಲಿ ಆಮೇಲೆ ಕಾಣಿಸುತ್ತದೆ. ಗೆದ್ದವರು ಇಳಿಯುವಾಗ ಹಾಡುತ್ತಾರೆ, ಸೋತವರ ಬೂಟಿನ ಸಪ್ಪಳವಷ್ಟೇ ಕೇಳುತ್ತದೆ ಎಂದರು ಚಾಚಾ.

ನಮ್ಮಲ್ಲಿ ಇದನ್ನು ಬೇಗ ಅರ್ಥ ಮಾಡಿಕೊಳ್ಳುವವರು ಯಾರಾದರೂ ಇದ್ದರೆ ಅವರು ಹಲಸೂರಿನ ಪಕ್ಕದ ಗೌತಮಪುರದವರು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಆ ಗಲ್ಲಿಗಳಲ್ಲಿ ಮನೆಗೂ ಆಟಕ್ಕೂ ನಡುವೆ ಅಂತರವೇ ಇಲ್ಲ. ಬೆಂಗಳೂರು ಎಫ್‌ಸಿ ಕೂಡ 2013-14ರಲ್ಲಿ ಆಡಿದ ಮೊದಲ ಸಲವೇ ಗೆದ್ದ ಐ-ಲೀಗಿನ ತವರಿನ ಪಂದ್ಯಗಳನ್ನು ಆಡಿದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಆಮೇಲೆ ತಂಡ ಕಂಠೀರವಕ್ಕೆ ಹೋಯಿತು. ಅಲ್ಲಿ ಓಟದ ಟ್ರ್ಯಾಕಿನಾಚೆ ಕೂತು ಪಂದ್ಯ ನೋಡುವಾಗೆಲ್ಲ ನನಗೆ ಅಶೋಕನಗರ ನೆನಪಾಗುತ್ತದೆ. ಅಲ್ಲಿ ಆಟಗಾರನ ಏದುಸಿರು ಕೇಳಿಸುತ್ತಿತ್ತು.

ಲೂಟನ್ನಿನದು ಟೊಪ್ಪಿಗೆಯ ಊರು. ಹುಲ್ಲು ಹೆಣೆದು ಟೊಪ್ಪಿಗೆ ಮಾಡುವ ಕಸುಬು ಊರನ್ನು ಬೆಳೆಸಿತು. ಆದ್ದರಿಂದಲೇ ತಂಡದ ಅಡ್ಡಹೆಸರು ಹ್ಯಾಟರ್ಸ್, ಅಂದರೆ ಟೊಪ್ಪಿಗೆಯವರು. 1885ರಲ್ಲಿ ಊರಿನ ಎರಡು ತಂಡಗಳು ಒಂದಾಗಿ ಲೂಟನ್ ಟೌನ್ ಕ್ಲಬ್ ಹುಟ್ಟಿತು. 1905ರಲ್ಲಿ ಕೆನಿಲ್ವರ್ತ್ ರೋಡ್ ಮೈದಾನಕ್ಕೆ ಬಂತು. ಅದೇ ವರ್ಷ ವಾಕ್ಸ್‌ಹಾಲ್ ಮೋಟಾರು ಕಂಪನಿಯೂ ಊರಿಗೆ ಬಂತು. ಮುಂದೆ ಊರಿಗೆ ಊರೇ ಆ ಕಾರ್ಖಾನೆಯನ್ನು ನಂಬಿ ಬದುಕಿತು. ಕಾರು ತಯಾರಿಕೆ 2002ರಲ್ಲಿ ನಿಂತಿತು, ವ್ಯಾನು ತಯಾರಿಸುತ್ತಿದ್ದ ಘಟಕ 2025ರ ಮಾರ್ಚ್‌ನಲ್ಲಿ ಮುಚ್ಚಿತು. 1905ರ ಆ ಇಬ್ಬರು ಹೊಸಬರಲ್ಲಿ ಈಗ ಉಳಿದಿರುವುದು ಮೈದಾನ ಮಾತ್ರ.

ಕ್ಲಬ್ಬಿನ ಏಳುಬೀಳು ಹೇಳತೊಡಗಿದರೆ ಪತ್ರಿಕೆಯ ಪುಟ ಸಾಲದು. 1936ರಲ್ಲಿ ಜೋ ಪೇನ್ ಒಂದೇ ಪಂದ್ಯದಲ್ಲಿ ಹತ್ತು ಗೋಲು ಹೊಡೆದದ್ದು ಇದೇ ಮೈದಾನದಲ್ಲಿ. 1985ರಲ್ಲಿ ಮಿಲ್‌ವಾಲ್ ಅಭಿಮಾನಿಗಳು ಎಬ್ಬಿಸಿದ ದೊಂಬಿಯೂ ಇಲ್ಲೇ. ಅದರ ಬಳಿಕ 1986ರಿಂದ ನಾಲ್ಕು ಋತು ಪರವೂರಿನ ಅಭಿಮಾನಿಗಳಿಗೆ ಇಲ್ಲಿ ಪ್ರವೇಶವೇ ಇರಲಿಲ್ಲ. 1988ರಲ್ಲಿ ಆರ್ಸೆನಲ್ ವಿರುದ್ಧ 3-2ರಿಂದ ಲೀಗ್ ಕಪ್ ಗೆದ್ದರು. 1992ರಲ್ಲಿ, ಪ್ರೀಮಿಯರ್ ಲೀಗ್ ಶುರುವಾಗಲು ಕೆಲವೇ ತಿಂಗಳಿದ್ದಾಗ, ಮೇಲಿನ ದರ್ಜೆಯಿಂದ ಜಾರಿದರು. ಎಲೆ ಹಾಕಿಸಿಕೊಂಡು ಕೂತವರನ್ನು ಅನ್ನ ಬಡಿಸುವ ಮೊದಲೇ ಎಬ್ಬಿಸಿದ ಹಾಗೆ. ಹಣದ ವ್ಯವಹಾರದ ತಪ್ಪುಗಳಿಗಾಗಿ 2008-09ರಲ್ಲಿ 30 ಅಂಕ ಕಳೆದರು. ಆಡುವ ಮೊದಲೇ ಮೈನಸ್ ಮೂವತ್ತು! ಐದನೇ ದರ್ಜೆಗೆ ಬಿದ್ದ ತಂಡ ಅಲ್ಲಿಂದ ಮೇಲೇಳಲು ಐದು ವರ್ಷ ಹಿಡಿಯಿತು. ಆಡಳಿತ ಮಾಡಿದವರ ತಪ್ಪಿಗೆ ಟಿಕೆಟ್ ಕೊಂಡವರು ದಂಡ ಕಟ್ಟಿದ ಕಥೆ ಇದು. ನನಗೆ ಇಂದಿಗೂ ಅದು ನ್ಯಾಯ ಎನಿಸಿಲ್ಲ.

ಆ ಕತ್ತಲಲ್ಲಿ, 2013ರಲ್ಲಿ, ಪೆಲಿ ರಡಕ್ ಎಂಪಾನ್ಜು ಎಂಬ ಹುಡುಗ ತಂಡ ಸೇರಿದ. ಐದನೇ ದರ್ಜೆಯಿಂದ ಒಂದೊಂದೇ ಮೆಟ್ಟಿಲು ಹತ್ತಿದ ಕ್ಲಬ್ಬಿನ ಜೊತೆಗೇ ಅವನೂ ಹತ್ತಿದ. 2023ರ ಮೇ 27ರಂದು ವೆಂಬ್ಲಿಯಲ್ಲಿ ಕಾವೆಂಟ್ರಿ ವಿರುದ್ಧ ಪ್ಲೇಆಫ್ ಫೈನಲ್. 1-1 ಸಮ. ನಾಯಕ ಟಾಮ್ ಲಾಕ್ಯರ್ ಆಟದ ಮೊದಲ ನಿಮಿಷಗಳಲ್ಲೇ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದ. ಪೆನಾಲ್ಟಿಯಲ್ಲಿ ಲೂಟನ್ 6-5ರಿಂದ ಗೆದ್ದಿತು. ಒಂದೇ ಕ್ಲಬ್ಬಿನಲ್ಲಿದ್ದುಕೊಂಡು ಐದನೇ ದರ್ಜೆಯಿಂದ ಪ್ರೀಮಿಯರ್ ಲೀಗಿನವರೆಗೆ ಆಡಿದ ಮೊದಲ ಆಟಗಾರ ಎಂಪಾನ್ಜು. ಆ ಒಂದು ಗೆಲುವಿನ ಬೆಲೆ ಕನಿಷ್ಠ 17 ಕೋಟಿ ಪೌಂಡ್ ಎಂದು ಲೆಕ್ಕ ಬಲ್ಲವರು ಆಗ ಅಂದಾಜು ಮಾಡಿದ್ದರು.

ತಂಡಕ್ಕೆ ಬಡ್ತಿ ಸಿಕ್ಕಿತು. ಮೈದಾನಕ್ಕೆ ಸಿಗಬೇಕಲ್ಲ?

ಕೆನಿಲ್ವರ್ತ್ ರೋಡಿನಲ್ಲಿ ಆಗ ಇದ್ದದ್ದು ಹತ್ತು ಸಾವಿರ ಚಿಲ್ಲರೆ ಆಸನ. ಪ್ರೀಮಿಯರ್ ಲೀಗ್ ಅಷ್ಟು ಸಣ್ಣ ಮೈದಾನವನ್ನು ಅದುವರೆಗೆ ಕಂಡಿರಲಿಲ್ಲ. ಆದರೆ ಆಸನ ಕಡಿಮೆ ಎಂಬುದು ದೊಡ್ಡ ತೊಡಕಾಗಿರಲಿಲ್ಲ. ಆ ಲೀಗಿನ ಪಂದ್ಯಗಳನ್ನು ಇಡೀ ಜಗತ್ತು ಟಿವಿಯಲ್ಲಿ ನೋಡುತ್ತದೆ. ಹಾಗಾಗಿ ನಿಯಮಗಳ ಪುಸ್ತಕದಲ್ಲಿ ಪ್ರೇಕ್ಷಕನ ಕುರ್ಚಿಗಿಂತ ಕ್ಯಾಮೆರಾದ ಜಾಗಕ್ಕೆ ತೂಕ ಹೆಚ್ಚು. ದೀಪಗಳು ಇನ್ನೂ ಪ್ರಖರವಾಗಿರಬೇಕು. ಇಷ್ಟಿಷ್ಟು ಎತ್ತರದಲ್ಲಿ, ಇಂಥಿಂಥ ಕೋನದಲ್ಲಿ ಕ್ಯಾಮೆರಾ ಕೂರಬೇಕು. ವೀಡಿಯೊ ರೆಫರಿಗೆ ಬೇಕಾದ ವ್ಯವಸ್ಥೆ, ವರದಿಗಾರರಿಗೆ ಮೇಜು, ಸಂದರ್ಶನಕ್ಕೆ ಕೋಣೆ, ಪ್ರಸಾರದ ಲಾರಿಗಳು ನಿಲ್ಲಲು ಸ್ಥಳ ಎಲ್ಲವೂ ಬೇಕು. ಇವನ್ನೆಲ್ಲ ಇಡುವುದೆಲ್ಲಿ? ಒಂದು ಪಕ್ಕ ಓಕ್ ರೋಡಿನ ಮನೆಗಳು, ಇನ್ನೊಂದು ಪಕ್ಕವೂ ಮನೆಗಳು. ಮತ್ತೊಂದು ಪಕ್ಕದಲ್ಲಿ ಹಿಂದೆ ರೈಲು ಹಳಿ ಇತ್ತು, ಈಗ ಬಸ್ಸಿನ ದಾರಿ. ಮೈದಾನವನ್ನು ಒಂದು ಮೊಳ ಹಿಗ್ಗಿಸಬೇಕಾದರೂ ಯಾರದೋ ಹಿತ್ತಿಲು ಹೋಗಬೇಕು.

ಆ ಹಳೇ ರೈಲು ಹಳಿಯ ಪಕ್ಕದ ಸ್ಟ್ಯಾಂಡಿಗೆ ಬಾಬರ್ಸ್ ಎಂದು ಹೆಸರು. ಇಂಗ್ಲೆಂಡಿನ ಆಡುಮಾತಿನಲ್ಲಿ ಬಾಬ್ ಎಂದರೆ ಒಂದು ಶಿಲ್ಲಿಂಗ್. ಹಿಂದೆ ಅಲ್ಲಿನ ಪ್ರವೇಶಕ್ಕೆ ಒಂದು ಬಾಬ್ ಕೊಟ್ಟರೆ ಸಾಕಿತ್ತು. ಒಂದಾಣೆ ಗ್ಯಾಲರಿ ಎಂದಂತೆ. 1980ರ ದಶಕದಲ್ಲಿ ಅದನ್ನು ತೆಗೆದು ಸಿರಿವಂತರಿಗಾಗಿ ಗಾಜಿನ ಪೆಟ್ಟಿಗೆಗಳ ಸಾಲು ಕಟ್ಟಿದ್ದರು. ಬಡ್ತಿ ಸಿಕ್ಕ ಬೇಸಿಗೆಯಲ್ಲಿ ಆ ಪೆಟ್ಟಿಗೆಗಳು ನೆಲಕ್ಕುರುಳಿದವು. ಅದೇ ಇಕ್ಕಟ್ಟಿನಲ್ಲಿ ಹೊಸ ಬಾಬರ್ಸ್ ಸ್ಟ್ಯಾಂಡ್ ಎದ್ದಿತು. ಸುಮಾರು ಒಂದು ಕೋಟಿ ಪೌಂಡ್ ಖರ್ಚಾಯಿತು. ಪ್ರೀಮಿಯರ್ ಲೀಗಿನ ಇತರ ಕ್ಲಬ್ಬುಗಳು ಆ ಬೇಸಿಗೆ ಆಟಗಾರರನ್ನು ಕೊಳ್ಳುತ್ತಿದ್ದಾಗ ಲೂಟನ್ ಕಬ್ಬಿಣ, ಕಾಂಕ್ರೀಟು, ಕೇಬಲ್ಲು ಕೊಳ್ಳುತ್ತಿತ್ತು. ಹಾಗಿದ್ದೂ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ಆಗಸ್ಟ್ 19ಕ್ಕೆ ನಿಗದಿಯಾಗಿದ್ದ ಬರ್ನ್‌ಲಿ ವಿರುದ್ಧದ ಪಂದ್ಯವನ್ನು ಮುಂದೂಡಬೇಕಾಯಿತು. ಮೂವತ್ತೊಂದು ವರ್ಷ ಕಾದ ಊರು ಇನ್ನೂ ಎರಡು ವಾರ ಕಾದಿತು. ಸೆಪ್ಟೆಂಬರ್ 1ರ ರಾತ್ರಿ ವೆಸ್ಟ್ ಹ್ಯಾಮ್ ತಂಡ ಬಂತು, 2-1ರಿಂದ ಗೆದ್ದುಕೊಂಡು ಹೋಯಿತು. ಕೆಲಸವೆಲ್ಲ ಮುಗಿದ ಮೇಲೂ ಮೈದಾನದಲ್ಲಿ ಹಿಡಿಸಿದ್ದು ಹನ್ನೆರಡು ಸಾವಿರದ ಆಸುಪಾಸು ಜನ. ಓಲ್ಡ್ ಟ್ರಾಫರ್ಡ್‌ನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ.

ಆದರೆ ಆ ಇಕ್ಕಟ್ಟಿಗೂ ಒಂದು ಕಸುವಿತ್ತು. ಆಟಗಾರನ ಕಿವಿಯ ಪಕ್ಕದಲ್ಲೇ ಜನ. ನವೆಂಬರ್‌ನಲ್ಲಿ ಲಿವರ್‌ಪೂಲ್ 1-1ರಲ್ಲಿ ಕಷ್ಟಪಟ್ಟು ತಪ್ಪಿಸಿಕೊಂಡಿತು. ಡಿಸೆಂಬರ್‌ನಲ್ಲಿ ಆರ್ಸೆನಲ್ 4-3ರಿಂದ ಗೆದ್ದದ್ದು ಕೊನೆಯ ಗಳಿಗೆಯಲ್ಲಿ. ಜನವರಿ ಕೊನೆಯಲ್ಲಿ ಲೂಟನ್ ಬ್ರೈಟನ್ ತಂಡವನ್ನು 4-0ರಿಂದ ಸೋಲಿಸಿತು. ಅಷ್ಟಾದರೂ 26 ಅಂಕಗಳೊಂದಿಗೆ ಹದಿನೆಂಟನೇ ಸ್ಥಾನ. ಒಂದೇ ವರ್ಷಕ್ಕೆ ಕೆಳಗಿಳಿಯಿತು. ಮರುವರ್ಷ ಇನ್ನೂ ಒಂದು ದರ್ಜೆ ಜಾರಿ ಮೂರನೆಯದಕ್ಕೆ ಬಂತು. ಕೋಟಿ ಪೌಂಡಿನ ದೀಪ, ಕೋಣೆ, ಕೇಬಲ್ಲುಗಳು ಹತ್ತೊಂಬತ್ತು ಪಂದ್ಯಗಳಿಗಾಗಿ ಆದ ಖರ್ಚು ಎಂದು ಯಾರಾದರೂ ಕೂಡಿಸಿ ಕಳೆದು ಹೇಳಬಹುದು. ಆ ಹತ್ತೊಂಬತ್ತು ದಿನಗಳನ್ನು ಲೆಕ್ಕಕ್ಕೆ ಹಾಕುವ ಮನಸ್ಸು ನನಗಿಲ್ಲ.

ಹೊಸ ಮೈದಾನದ ಮಾತು ಇಲ್ಲಿ ಇಂದಿನದಲ್ಲ. 1980ರ ದಶಕದಲ್ಲಿ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯುವ ಯೋಚನೆ ಬಂದಾಗ ಅಭಿಮಾನಿಗಳು ವಿರೋಧಿಸಿ ತಡೆದರು. 1990ರ ದಶಕದಲ್ಲಿ ಸೂರಿನಡಿಯ ಮೈದಾನವೊಂದರ ನಕ್ಷೆ ಬಂತು, ಅನುಮತಿ ಸಿಗಲಿಲ್ಲ. ಈಗಿನದು ಗಟ್ಟಿ ಯೋಜನೆ. ಊರ ನಡುವೆ, ರೈಲು ನಿಲ್ದಾಣದ ಹತ್ತಿರ, ಹಿಂದೆ ವಿದ್ಯುತ್ ಸ್ಥಾವರ ಇದ್ದ ಪವರ್ ಕೋರ್ಟ್ ಎಂಬ ಜಾಗ. 2019ರಲ್ಲಿ ಮೊದಲ ಅನುಮತಿ ಸಿಕ್ಕಿತು, 25,000 ಆಸನಗಳ ಹಿಗ್ಗಿಸಿದ ನಕ್ಷೆಗೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಊರು ಬಿಟ್ಟು ಹೆದ್ದಾರಿಯ ಬದಿಗೆ ಹೋಗದೆ, ಜನ ನಡೆದು ಬರುವ ದೂರದಲ್ಲೇ ಕಟ್ಟಬೇಕೆಂದು ಹಟ ಹಿಡಿದವರಿಗೆ ನಮಸ್ಕಾರ ಹೇಳಬೇಕು. ಕ್ಲಬ್ಬಿನ ಹೆಸರು, ಬಣ್ಣ, ಲಾಂಛನಗಳ ಮೇಲೆ ಅಭಿಮಾನಿಗಳ ಟ್ರಸ್ಟಿಗೆ ಕಾನೂನಿನ ಹಕ್ಕಿದೆ. ನಾಳೆ ಯಾವ ಹಣವಂತ ಬಂದರೂ ಅವುಗಳನ್ನು ತನಗೆ ಬೇಕಾದಂತೆ ಬದಲಿಸಲಾರ. ಈ ಒಂದು ಪಾಠವನ್ನು ನಮ್ಮ ಕ್ಲಬ್ಬುಗಳೂ ಕಲಿಯಲಿ ಎಂಬುದು ನನ್ನ ಆಸೆ.

ಹೊಸ ಮೈದಾನ ಬೇಕು. ಕಂಬದ ಹಿಂದೆ ಕೂತು ಅರ್ಧ ಗೋಲು ನೋಡುವವನಿಗೆ ಬೇಕು, ಗಾಲಿಕುರ್ಚಿಯಲ್ಲಿ ಬರುವವನಿಗೆ ಬೇಕು, ಸದಸ್ಯತ್ವದ ಸಾಲಿನಲ್ಲಿ ವರ್ಷಗಟ್ಟಲೆ ನಿಂತವನಿಗೂ ಬೇಕು. ಇದನ್ನು ಒಪ್ಪಿಕೊಂಡೂ ಆ ಸುರಂಗದ ಮುಂದೆ ನಿಂತಾಗ ನನಗೆ ಸಂಕಟವಾಯಿತು. ಪವರ್ ಕೋರ್ಟಿನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬಹುದು. ಯಾರದೋ ಹಿತ್ತಿಲ ಪುದೀನದ ವಾಸನೆ ಕುಡಿಯುತ್ತ ಪಂದ್ಯಕ್ಕೆ ಹೋಗುವ ದಾರಿಯನ್ನು ಯಾವ ಎಂಜಿನಿಯರ್ ನಕ್ಷೆಯಲ್ಲಿ ಬರೆದಾನು?

ಹೊರಡುವಾಗ ಚಾಚಾ ಹಿತ್ತಿಲಿಗೆ ಇಳಿದು ಬಟ್ಟೆ ಮುಟ್ಟಿ ನೋಡಿದರು. ಪಂದ್ಯದ ದಿನವಾದರೆ ಮಧ್ಯಾಹ್ನವೇ ಎಲ್ಲವನ್ನೂ ಒಳಗೆ ತರುತ್ತಾರಂತೆ. ಮೇಲಿನಿಂದ ಸಾವಿರ ಜನ ಹಾದುಹೋಗುವಾಗ ಮನೆಯ ಬಟ್ಟೆ ಕಾಣುವುದು ಚೆನ್ನಾಗಿರುವುದಿಲ್ಲ. ಇನ್ನೂ ತೇವ ಇತ್ತು. ಅವರು ಒಮ್ಮೆ ಖಾಲಿ ಮೆಟ್ಟಿಲುಗಳ ಕಡೆ ನೋಡಿದರು, ಬಟ್ಟೆಯನ್ನು ತಂತಿಯ ಮೇಲೇ ಬಿಟ್ಟು ಒಳಗೆ ಬಂದರು.