ಹಿತ್ತಲ ಶೆಡ್ಡಿನ ಪರ್ಮಿಷನ್: ಜಮೀನಿದ್ದವರಿಗೊಂದು ದಾರಿ, ಸೈಟಷ್ಟೇ ಇದ್ದವರಿಗೊಂದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಮನೆ ಅಂದ್ರೆ ಬರೀ ವಾಸದ ಮನೆಯಲ್ಲ. ಪಕ್ಕದಲ್ಲಿ ದನದ ಕೊಟ್ಟಿಗೆ, ಹಿಂದೆ ಕುರಿ ಶೆಡ್ಡು, ಕೆಲವರಿಗೆ ರೇಷ್ಮೆ ಹುಳು ಮನೆ, ಹುಣಸೆಹಣ್ಣು ತುಂಬಿಡೋಕೆ ತಗಡಿನ ಗೋದಾಮು. ಒಮ್ಮೊಮ್ಮೆ ಶೆಡ್ಡೇ ಮನೆಗಿಂತ ದೊಡ್ಡದಿರುತ್ತೆ. "ನಮ್ಮ ಜಾಗ, ಯಾರನ್ನ ಕೇಳ್ಬೇಕು?" ಅನ್ನೋದು ವಳ್ಳೂರಿನಂಥ ಊರುಗಳ ಸಾಮಾನ್ಯ ನಂಬಿಕೆ. ಕಾನೂನು ಹಾಗೆ ಹೇಳಲ್ಲ.

ಎರಡು ಕಾಯ್ದೆ, ಎರಡು ಲೆಕ್ಕ

1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದಕ್ಕೆ ಸೇರಿಸುವಂತೆಯೂ ಇಲ್ಲ. ಅನುಮತಿಯಿಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸಲು, ಕೆಡವಲು ಪಂಚಾಯಿತಿ ಆದೇಶ ಕೊಡಬಹುದು. ಒಳಗೆ ಯಂತ್ರ ಕೂರಿಸಿದರೆ ಅದಕ್ಕೆ ಬೇರೆಯೇ ಅನುಮತಿ.

ಇನ್ನೊಂದು, 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಭೂಪರಿವರ್ತನೆ ಆಗಬೇಕು. ಆದರೆ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳೋ ಹಕ್ಕು ರೈತನಿಗೆ ಅದೇ ಸೆಕ್ಷನ್ನಿನಲ್ಲಿದೆ. ಅಂದ್ರೆ ನಾಲ್ಕೆಕರೆ ಇದ್ದವರು ಹೊಲದಲ್ಲೇ ಕೊಟ್ಟಿಗೆ ಹಾಕಿದರೆ ಭೂಪರಿವರ್ತನೆಯ ತಲೆನೋವಿಲ್ಲ, ಪಕ್ಕದ ಮನೆಯವರ ತಕರಾರೂ ಇಲ್ಲ.

ಪೆಟ್ಟು ಬೀಳೋದು ಯಾರಿಗೆ?

ಜಮೀನಿಲ್ಲದ ಕುರಿಗಾಹಿಗೆ, ಕಾಲೊನಿಯಲ್ಲಿ ಸರ್ಕಾರ ಕೊಟ್ಟ ಸೈಟೊಂದೇ ಆಸ್ತಿಯಾಗಿರೋ ಕುಟುಂಬಕ್ಕೆ. ಅವರ ಕುರಿ, ಹಸು ಎಲ್ಲ ಅದೇ ಸೈಟಿನಲ್ಲಿ ಹಿಡೀಬೇಕು. ಸುತ್ತ ಜಾಗ ಬಿಡೋಣ ಅಂದ್ರೆ ಶೆಡ್ಡಿಗೇ ಜಾಗ ಉಳಿಯಲ್ಲ. ಇ-ಸ್ವತ್ತು ದಾಖಲೆ ಸರಿಯಿಲ್ಲದಿದ್ದರೆ ಅರ್ಜಿಯೇ ಮುಂದಕ್ಕೆ ಹೋಗೋದು ಕಷ್ಟ.

ವರ್ಷಗಟ್ಟಲೆ ಯಾರೂ ಕೇಳದ ಶೆಡ್ಡು, ಓಣಿಯಲ್ಲಿ ಜಗಳವಾದ ಮೇಲೋ ಪಂಚಾಯಿತಿ ಎಲೆಕ್ಷನ್ ಮುಗಿದ ಮೇಲೋ ದಿಢೀರಂತ 'ಅಕ್ರಮ' ಆಗಿಬಿಡಬಹುದು. ಎಲ್ಲರಿಗೂ ಅನ್ವಯಿಸಬೇಕಾದ ನಿಯಮವನ್ನ ಬೇಕಾದಾಗ ಮಾತ್ರ ಹೊರಗೆ ತೆಗೆದರೆ ಅದು ಆಯುಧವಾಗುತ್ತೆ.

ಹಾಗಂತ ನಿಯಮವೇ ಬೇಡ ಅನ್ನೋದೂ ತಪ್ಪು. ಕಿಟಕಿಗೇ ತಾಗಿದಂತೆ ಗಂಜಲ ಹರಿದರೆ, ತಗಡಿನ ನೀರು ಪಕ್ಕದ ಗೋಡೆಗೆ ಬಿದ್ದರೆ ತೊಂದರೆ ಅನುಭವಿಸೋರೂ ಬಡವರೇ.

ಏನು ಮಾಡಬಹುದು?

ಮೊದಲನೆಯದು, ಅರ್ಜಿಯನ್ನ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. 60 ದಿನದೊಳಗೆ ಪಂಚಾಯಿತಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆ ಅಂತಲೇ 64ನೇ ಸೆಕ್ಷನ್ ಭಾವಿಸುತ್ತೆ. ಆದರೆ ಉಳಿದ ನಿಯಮ ಮೀರುವಂತಿಲ್ಲ. ಬಾಯಿಮಾತಿನ "ಕಟ್ಕೊಳ್ರಿ, ನೋಡ್ಕೊಳ್ಳೋಣ"ಗೆ ಬೆಲೆಯಿಲ್ಲ.

ಎರಡನೆಯದು, ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಗೋಡೆಯಿಂದ ಎಷ್ಟು ಅಡಿ ಬಿಡಬೇಕು, ಗಂಜಲ ಎಲ್ಲಿಗೆ ಹೋಗಬೇಕು ಅನ್ನೋದು ಎಲ್ಲರಿಗೂ ಒಂದೇ ಆಗಿ ಬರಹದಲ್ಲಿರಲಿ. ಜಾಗ ಸಾಲದವರಿಗೆ ಊರಾಚೆ ಸಾಮೂಹಿಕ ಕುರಿದೊಡ್ಡಿಗೆ ಜಾಗ ಕೇಳಿ. ದೊಡ್ಡಿಗೆ ಜಾಗ ತೋರಿಸದೆ ಶೆಡ್ಡು ಕೆಡವೋಕೆ ಹೊರಡೋ ಪಂಚಾಯಿತಿಯನ್ನ ಪ್ರಶ್ನಿಸೋ ಹಕ್ಕು ಊರಿನ ಪ್ರತಿ ಮತದಾರರಿಗೂ ಇದೆ.